ಬಣ್ಣ ಉಳಿಸುವ ಹಟ: ಮೊದಲ ಕಲರ್ ಟಿವಿಗಳಿಗೆ ಮರುಜೀವ

ಗುಂಡಿ ತಿರುಗಿಸಿದ ಕೂಡಲೇ ಚಿತ್ರ ಬರುವುದಿಲ್ಲ. ಪೆಟ್ಟಿಗೆಯೊಳಗಿನ ವಾಲ್ವ್‌ಗಳು ಕಾದು ಕೆಂಪಾಗಬೇಕು. ಬಿಸಿಯಾದ ಧೂಳು ಮತ್ತು ಮೇಣದ ವಾಸನೆ ಸುಳಿಯಬೇಕು. ಆಮೇಲೆ ಪರದೆಯ ಮೇಲೆ ಮಂದ ಬೆಳಕು ಹರಡಿ, ನಿಧಾನವಾಗಿ ಬಣ್ಣ ತುಂಬಿಕೊಳ್ಳುತ್ತದೆ. ಕಪಾಟಿನಷ್ಟು ದೊಡ್ಡದಾದ ಮರದ ಪೆಟ್ಟಿಗೆಯಲ್ಲಿ ಕಾಣುವ ಚಿತ್ರದ ಅಗಲ 12 ಅಂಗುಲವನ್ನೂ ಮುಟ್ಟುವುದಿಲ್ಲ. ಆದರೂ ಅದರ ಗಾಢ ಕೆಂಪನ್ನು ಕಾಣಲು ಹವ್ಯಾಸಿಗಳು ನೂರಾರು ಮೈಲಿ ಪ್ರಯಾಣ ಮಾಡುತ್ತಾರೆ, ವರ್ಷಗಟ್ಟಲೆ ಬೆಸುಗೆ ಹಾಕುತ್ತ ಕೂರುತ್ತಾರೆ.

ಅಮೆರಿಕದ ಆರ್‌ಸಿಎ ಕಂಪನಿ 1954ರಲ್ಲಿ ಮಾರುಕಟ್ಟೆಗೆ ತಂದ ‘ಸಿಟಿ-100’ ಈ ಹವ್ಯಾಸದ ಕೇಂದ್ರಬಿಂದು. ಸಾರ್ವಜನಿಕರಿಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಕಲರ್ ಟಿವಿಗಳಲ್ಲಿ ಇದು ಪ್ರಮುಖವಾದುದು. ತಯಾರಾದದ್ದು ಸುಮಾರು 4,400. ಅವುಗಳಲ್ಲಿ ಉಳಿದಿರುವುದು ಅತ್ಯಲ್ಪ ಭಾಗ. ಇಂದಿಗೂ ಚಿತ್ರ ಮೂಡಿಸುವವು ಇನ್ನೂ ಕಡಿಮೆ. ಹಳೆಯ ರೇಡಿಯೊ, ಕಾರು, ಗಡಿಯಾರಗಳನ್ನು ದುರಸ್ತಿ ಮಾಡಿ ಇಟ್ಟುಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಮೊದಲ ಕಲರ್ ಟಿವಿಯನ್ನು ಉಳಿಸಿಕೊಳ್ಳುವ ಕೆಲಸ ಅವೆಲ್ಲಕ್ಕಿಂತ ಕಠಿಣ. ಏಕೆಂದರೆ ಅದರ ಜೀವ ಅಡಗಿರುವುದು ಇಂದು ಯಾರೂ ತಯಾರಿಸದ ಒಂದೇ ಒಂದು ಭಾಗದಲ್ಲಿ: ಪಿಕ್ಚರ್ ಟ್ಯೂಬ್.

ಚಕ್ರ ಸೋತಿತು, ಟ್ಯೂಬ್ ಗೆದ್ದಿತು

ಬಣ್ಣದ ಪ್ರಸಾರಕ್ಕೆ ಅಮೆರಿಕದಲ್ಲಿ ಮೊದಲು ಅಧಿಕೃತ ಮನ್ನಣೆ ಸಿಕ್ಕಿದ್ದು ಸಿಬಿಎಸ್ ಸಂಸ್ಥೆಯ ವಿಧಾನಕ್ಕೆ. ಪರದೆಯ ಮುಂದೆ ಕೆಂಪು, ಹಸಿರು, ನೀಲಿ ಬಣ್ಣದ ಚಕ್ರವೊಂದನ್ನು ವೇಗವಾಗಿ ತಿರುಗಿಸುವುದು ಆ ವಿಧಾನದ ತಿರುಳು. 1950ರ ಅಕ್ಟೋಬರ್‌ನಲ್ಲಿ ಸರ್ಕಾರಿ ಸಂವಹನ ಆಯೋಗ ಅದಕ್ಕೆ ಒಪ್ಪಿಗೆ ನೀಡಿತು. 1951ರ ಜೂನ್ 25ರಂದು ವಾಣಿಜ್ಯ ಪ್ರಸಾರವೂ ಆರಂಭವಾಯಿತು.

ಆದರೆ ಆ ಸಂಕೇತವನ್ನು ಜನರ ಮನೆಗಳಲ್ಲಿದ್ದ ಕಪ್ಪು-ಬಿಳುಪು ಟಿವಿಗಳು ಗ್ರಹಿಸಲಾರದೆ ಹೋದವು. ಆ ವೇಳೆಗೆ ಅಮೆರಿಕದಲ್ಲಿ ಕೋಟಿಯಷ್ಟು ಟಿವಿಗಳು ಮಾರಾಟವಾಗಿದ್ದವು. ಕೊರಿಯಾ ಯುದ್ಧದ ಕಾರಣ ಕಲರ್ ಟಿವಿ ತಯಾರಿಕೆಗೂ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಸಾರ ನಿಂತಿತು. ಕಾರ್ಖಾನೆಯಿಂದ ಹೊರಬಂದಿದ್ದ ಸುಮಾರು 200 ಟಿವಿಗಳ ಪೈಕಿ ಕೈಗೆ ಸಿಕ್ಕವನ್ನು ಕಂಪನಿಯೇ ಮರಳಿ ಪಡೆದು ನಾಶಪಡಿಸಿತು. ಚಕ್ರದ ಟಿವಿ ಇಂದು ಸಂಗ್ರಾಹಕರ ಪಾಲಿಗೆ ಬಹುತೇಕ ಗಗನಕುಸುಮ.

ಇದಕ್ಕೆ ಎದುರಾಗಿ ಆರ್‌ಸಿಎ ಮತ್ತಿತರ ಕಂಪನಿಗಳು ರೂಪಿಸಿದ ಪದ್ಧತಿಯಲ್ಲಿ ಚಕ್ರವಿರಲಿಲ್ಲ. ಅದೇ ಪ್ರಸಾರವನ್ನು ಹಳೆಯ ಟಿವಿಯಲ್ಲಿ ಕಪ್ಪು-ಬಿಳುಪಾಗಿ, ಹೊಸ ಟಿವಿಯಲ್ಲಿ ಬಣ್ಣದಲ್ಲಿ ನೋಡಬಹುದಿತ್ತು. ‘ಎನ್‌ಟಿಎಸ್‌ಸಿ’ ಎಂಬ ಈ ಪದ್ಧತಿಗೆ 1953ರ ಡಿಸೆಂಬರ್ 17ರಂದು ಮಂಜೂರಾತಿ ದೊರೆಯಿತು. ಎರಡು ವಾರ ಕಳೆಯುವಷ್ಟರಲ್ಲಿ, 1954ರ ಜನವರಿ 1ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಗುಲಾಬಿ ಮೆರವಣಿಗೆ ಬಣ್ಣದಲ್ಲಿ ದೇಶದಾದ್ಯಂತ ಪ್ರಸಾರವಾಯಿತು. ಅದನ್ನು ಬಣ್ಣದಲ್ಲಿ ಕಂಡವರು ಕೆಲವೇ ಪ್ರಾಯೋಗಿಕ ಟಿವಿಗಳ ಮುಂದೆ ಕುಳಿತವರು ಮಾತ್ರ.

ಮಾರ್ಚ್ ತಿಂಗಳಲ್ಲಿ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಕಾರ್ಖಾನೆಯಿಂದ ಸಿಟಿ-100 ಹೊರಬಂದಿತು. ಬೆಲೆ 1,000 ಡಾಲರ್. ಅಂದಿನ ಸಾಮಾನ್ಯ ಅಮೆರಿಕನ್ ಕುಟುಂಬದ ಸುಮಾರು ಮೂರು ತಿಂಗಳ ವರಮಾನ ಅದು. ಅಷ್ಟು ಹಣ ತೆತ್ತವನಿಗೆ ವಾರಕ್ಕೆ ಕೆಲವೇ ಗಂಟೆಗಳ ಬಣ್ಣದ ಕಾರ್ಯಕ್ರಮ ಸಿಗುತ್ತಿತ್ತು. ಮಾರಾಟ ಕುಸಿಯಿತು. ಆಗಸ್ಟ್ ವೇಳೆಗೆ ಬೆಲೆಯನ್ನು 495 ಡಾಲರ್‌ಗೆ ಇಳಿಸಲಾಯಿತು. ವರ್ಷದ ಕೊನೆಗೆ 21 ಅಂಗುಲದ ದುಂಡು ಟ್ಯೂಬ್‌ನ ಟಿವಿಗಳು ಬಂದವು. ಸಿಟಿ-100 ವರ್ಷ ತುಂಬುವ ಮೊದಲೇ ಹಳತಾಯಿತು.

ಮೂರು ಗನ್, ಒಂದು ಜರಡಿ

ಈ ಟಿವಿಯ ಹೃದಯವಾದ ಪಿಕ್ಚರ್ ಟ್ಯೂಬ್‌ಗೆ ಕಂಪನಿ ಕೊಟ್ಟ ಸಂಖ್ಯೆ ‘15ಜಿಪಿ22’. ಅದರ ಹಿಂಬದಿಯ ಕೊರಳಿನಲ್ಲಿ ಎಲೆಕ್ಟ್ರಾನುಗಳನ್ನು ಚಿಮ್ಮುವ ಮೂರು ಗನ್‌ಗಳಿವೆ. ಮುಂಬದಿಯ ಫಲಕದ ಮೇಲೆ ಕೆಂಪು, ಹಸಿರು, ನೀಲಿ ಬೆಳಕು ಬೀರುವ ಫಾಸ್ಫರ್ ಚುಕ್ಕೆಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮೂರು-ಮೂರರ ಗುಂಪಾಗಿ ಮುದ್ರಿಸಲಾಗಿದೆ. ಇವೆರಡರ ನಡುವೆ ಸೂಜಿಮೊನೆಯಂತಹ ರಂಧ್ರಗಳಿರುವ ಲೋಹದ ತೆಳು ಹಾಳೆಯೊಂದಿದೆ. ಜರಡಿಯಂತಹ ಈ ಹಾಳೆಯ ಪ್ರತಿ ರಂಧ್ರದ ಮೂಲಕ ಮೂರು ಗನ್‌ಗಳ ಕಿರಣಗಳು ಮೂರು ಬೇರೆ ಕೋನಗಳಲ್ಲಿ ಹಾದು, ತಮಗೆ ಮೀಸಲಾದ ಚುಕ್ಕೆಗೆ ಮಾತ್ರ ತಾಗುತ್ತವೆ. ಕಣ್ಣು ಮೂರೂ ಚುಕ್ಕೆಗಳನ್ನು ಬೆರೆಸಿ ಒಂದೇ ಬಣ್ಣವಾಗಿ ಕಾಣುತ್ತದೆ.

ಮುಂದಿನ ದಿನಗಳ ಟ್ಯೂಬ್‌ಗಳಲ್ಲಿ ಫಾಸ್ಫರನ್ನು ಗಾಜಿನ ಮುಖದ ಒಳಮೈಗೇ ಲೇಪಿಸಲಾಯಿತು. 15ಜಿಪಿ22ರಲ್ಲಿ ಹಾಗಿರಲಿಲ್ಲ. ಅದರಲ್ಲಿ ಸಪಾಟಾದ ಪ್ರತ್ಯೇಕ ಫಲಕವನ್ನು ಗಾಜಿನೊಳಗೆ ಕೂರಿಸಿ, ಮುಂಭಾಗ ಮತ್ತು ಹಿಂಭಾಗಗಳನ್ನು ಲೋಹದ ಅಂಚಿನ ಮೂಲಕ ಬೆಸೆಯಲಾಗಿತ್ತು. ನೋಡುಗನಿಗೆ ಚಿತ್ರವು ಗಾಜಿನ ಹಿಂದೆ, ಒಂದು ಕಿಟಕಿಯಾಚೆ ತೂಗುಹಾಕಿದಂತೆ ಕಾಣುತ್ತದೆ.

ಅದರ ಫಾಸ್ಫರ್‌ಗಳೂ ವಿಶಿಷ್ಟ. ಕೆಂಪಿಗೆ ಜಿಂಕ್ ಫಾಸ್ಫೇಟ್, ಹಸಿರಿಗೆ ಜಿಂಕ್ ಸಿಲಿಕೇಟ್, ನೀಲಿಗೆ ಜಿಂಕ್ ಸಲ್ಫೈಡ್. 1953ರ ಮಾನದಂಡ ಬಯಸಿದ ಗಾಢ ಕೆಂಪು ಮತ್ತು ಗಾಢ ಹಸಿರನ್ನು ಇವು ಕೊಡುತ್ತಿದ್ದವು. ಆದರೆ ಬೆಳಕು ಕಡಿಮೆ. ಕೋಣೆಯನ್ನು ಕತ್ತಲು ಮಾಡಿಯೇ ನೋಡಬೇಕಿತ್ತು. ಗಿರಾಕಿಗಳು ಬಯಸಿದ್ದು ಪ್ರಖರತೆಯನ್ನು. ಹೀಗಾಗಿ 1960ರ ದಶಕದಲ್ಲಿ ಕಂಪನಿಗಳು ಬೇರೆ ಫಾಸ್ಫರ್‌ಗಳತ್ತ ಹೊರಳಿದವು. ಚಿತ್ರ ಬೆಳಗಿತು, ಬಣ್ಣದ ವ್ಯಾಪ್ತಿ ಕಿರಿದಾಯಿತು. ಇಂದಿನ ಸಾಮಾನ್ಯ ಎಚ್‌ಡಿ ಮಾನದಂಡದ ಹಸಿರು ಕೂಡ 1953ರ ಮಾನದಂಡದ ಹಸಿರಿನಷ್ಟು ಗಾಢವಲ್ಲ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ.

ಅಂದಿನ ಪ್ರಸಾರದ ಬಣ್ಣ ಹೇಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿಯೂ ವಿರಳ. 1954ರಿಂದ ಕೆಲವು ವರ್ಷಗಳ ಕಾಲ ನೇರಪ್ರಸಾರವಾದ ಬಣ್ಣದ ಕಾರ್ಯಕ್ರಮಗಳಲ್ಲಿ ಉಳಿದವು ಬಹುತೇಕ ಕಪ್ಪು-ಬಿಳುಪು ಫಿಲ್ಮ್‌ನಲ್ಲಿವೆ. ಬಣ್ಣವನ್ನು ದಾಖಲಿಸುವ ವಿಡಿಯೊ ಟೇಪ್ ಬಳಕೆಗೆ ಬಂದದ್ದು 1958ರ ಹೊತ್ತಿಗೆ. ಆದ್ದರಿಂದ ಕೆಲಸ ಮಾಡುವ ಸಿಟಿ-100 ಕೇವಲ ಅಲಂಕಾರದ ವಸ್ತುವಲ್ಲ. ಕಳೆದುಹೋದ ನೋಟವೊಂದರ ಅಳತೆಗೋಲು.

ಒಳಗೇ ನುಸುಳುವ ಶತ್ರು

ಪಿಕ್ಚರ್ ಟ್ಯೂಬ್ ಕೆಲಸ ಮಾಡಬೇಕಾದರೆ ಒಳಗೆ ನಿರ್ವಾತ ಇರಬೇಕು. 15ಜಿಪಿ22ರಲ್ಲಿ ಗಾಜು ಮತ್ತು ಲೋಹ ಕೂಡುವ ಬೆಸುಗೆಯೇ ದುರ್ಬಲ ಕೊಂಡಿ. ದಶಕಗಳು ಉರುಳಿದಂತೆ ಅಲ್ಲಿ ಕಣ್ಣಿಗೆ ಕಾಣದ ಸೀಳುಗಳಾಗಿ ಗಾಳಿ ಒಳನುಸುಳುತ್ತದೆ. ಇದಕ್ಕೆ ಟಿವಿ ಚಾಲನೆಯಲ್ಲಿರಬೇಕೆಂದಿಲ್ಲ. ಹೊದಿಕೆ ಹೊದಿಸಿ ಮೂಲೆಯಲ್ಲಿಟ್ಟ ಟಿವಿಯ ಟ್ಯೂಬ್ ಕೂಡ ಸದ್ದಿಲ್ಲದೆ ಸಾಯುತ್ತದೆ. ಗಾಳಿ ಸೇರಿದ ಟ್ಯೂಬ್‌ಗೆ ಅರಿಯದೆ ವಿದ್ಯುತ್ ಕೊಟ್ಟರೆ ಅದರ ಫಿಲಮೆಂಟ್ ಸುಟ್ಟುಹೋಗುತ್ತದೆ.

ಆದ್ದರಿಂದ ಹಳೆಯ ಕಲರ್ ಟಿವಿ ಕೊಳ್ಳಲು ಹೋದ ಅನುಭವಿ, ಮರದ ಪೆಟ್ಟಿಗೆಯ ಹೊಳಪನ್ನು ನೋಡುವ ಮೊದಲು ಟ್ಯೂಬ್‌ನ ಕೊರಳನ್ನು ಪರೀಕ್ಷಿಸುತ್ತಾನೆ. ಫಿಲಮೆಂಟ್ ತುಂಡಾಗಿಲ್ಲವೇ ಎಂದು ಮೀಟರ್‌ನಿಂದ ನೋಡುವುದು ಮೊದಲ ಹೆಜ್ಜೆ. ಹೈವೋಲ್ಟೇಜ್ ಕಾಯಿಲ್ ಹತ್ತಿರ ಹಿಡಿದಾಗ ಕೊರಳಿನೊಳಗೆ ನೇರಳೆ ಬಣ್ಣದ ಹೊಳಪು ಕಂಡರೆ ಒಳಗೆ ಅನಿಲ ಸೇರಿದೆ ಎಂದೇ ಅರ್ಥ. ಪೆಟ್ಟಿಗೆ ಸೀಳಿದ್ದರೆ ಅಂಟಿಸಬಹುದು, ಬಟ್ಟೆ ಹರಿದಿದ್ದರೆ ಹೊಸದು ನೇಯಿಸಬಹುದು, ವಾಲ್ವ್ ಹೋಗಿದ್ದರೆ ಹಳೆಯ ದಾಸ್ತಾನಿನಲ್ಲಿ ಹುಡುಕಬಹುದು. ಟ್ಯೂಬ್ ಹೋಗಿದ್ದರೆ ಮಾತ್ರ ಟಿವಿ ಬರೀ ಪೀಠೋಪಕರಣ.

ಸಾಧಾರಣ ಪಿಕ್ಚರ್ ಟ್ಯೂಬ್‌ಗಳನ್ನು ಮರುನಿರ್ಮಿಸುವ ಕಲೆ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಕೊರಳನ್ನು ಕತ್ತರಿಸಿ, ಹೊಸ ಗನ್ ಕೂರಿಸಿ ಗಾಜನ್ನು ಕರಗಿಸಿ ಬೆಸೆದು, ಒಲೆಯಲ್ಲಿ ಕಾಯಿಸುತ್ತಾ ಪಂಪ್‌ನಿಂದ ಗಾಳಿಯನ್ನು ಹೊರಗೆಳೆಯುವುದು ಅದರ ಕ್ರಮ. ಅಮೆರಿಕದಲ್ಲಿ ಈ ಕೆಲಸ ಮಾಡುತ್ತಿದ್ದ ಕೊನೆಯ ಘಟಕ, ಅಯೋವಾ ರಾಜ್ಯದ ಡಿ ಮೊಯ್ನ್ ನಗರದ ಹಾಕ್-ಐ, 2010ರಲ್ಲಿ ಬಾಗಿಲು ಮುಚ್ಚಿತು. ಫ್ರಾನ್ಸಿನಲ್ಲಿದ್ದ ಯುರೋಪಿನ ಕೊನೆಯ ಘಟಕವೂ 2013ರಲ್ಲಿ ನಿಂತಿತು. ಹಾಕ್-ಐ ಘಟಕದ ಯಂತ್ರಗಳು ಒಹಾಯೊ ರಾಜ್ಯದ ಹಿಲಿಯಾರ್ಡ್‌ನಲ್ಲಿರುವ ‘ಅರ್ಲಿ ಟೆಲಿವಿಷನ್ ಮ್ಯೂಸಿಯಂ’ ಸೇರಿದವು. ಯಂತ್ರ ಸಿಕ್ಕಿತು, ಅದನ್ನು ನಡೆಸುವ ಕೈಚಳಕವನ್ನು ಹವ್ಯಾಸಿಗಳು ಮೊದಲಿನಿಂದ ಕಲಿಯಬೇಕಾಯಿತು. ಗಾಜಿನ ಟ್ಯೂಬ್‌ಗೇ ಇಷ್ಟು ಕಷ್ಟವಿರುವಾಗ, ಲೋಹದ ಅಂಚಿನ 15ಜಿಪಿ22 ಒಲೆಯ ಕಾವನ್ನು ತಾಳಿ ಬದುಕುವುದು ಮತ್ತಷ್ಟು ಕಷ್ಟ.

ದುರಸ್ತಿಗೆ ಅವಸರ ಸಲ್ಲದು

ಟ್ಯೂಬ್ ಜೀವಂತವಾಗಿದೆ ಎಂದು ಖಚಿತವಾದ ಮೇಲೂ ಟಿವಿಯನ್ನು ನೇರವಾಗಿ ಪ್ಲಗ್‌ಗೆ ಸಿಕ್ಕಿಸುವಂತಿಲ್ಲ. ಒಳಗಿನ ಸುಮಾರು 36 ವಾಲ್ವ್‌ಗಳ ಸುತ್ತ ನೂರಾರು ಕೆಪಾಸಿಟರ್, ರೆಸಿಸ್ಟರ್‌ಗಳಿವೆ. ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳು ತೇವ ಹೀರಿಕೊಂಡು ವಿದ್ಯುತ್ತನ್ನು ಸೋರಿಸತೊಡಗಿರುತ್ತವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರಾವಣ ಒಣಗಿರುತ್ತದೆ. ರೆಸಿಸ್ಟರ್‌ಗಳ ಮೌಲ್ಯ ಏರಿರುತ್ತದೆ. ಈ ಸ್ಥಿತಿಯಲ್ಲಿ ಪೂರ್ಣ ವೋಲ್ಟೇಜ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ನಮ್ಮ ಮೆಕ್ಯಾನಿಕ್‌ಗಳು ‘ಇಎಚ್‌ಟಿ’ ಎಂದು ಕರೆಯುವ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಸುಟ್ಟರಂತೂ ಅದನ್ನು ಕೈಯಿಂದಲೇ ಹೊಸದಾಗಿ ಸುತ್ತಿಸಬೇಕು.

ಹೀಗಾಗಿ ಮೊದಲು ಒಂದೊಂದೇ ಬಿಡಿಭಾಗವನ್ನು ಅಳೆದು ಬದಲಿಸಲಾಗುತ್ತದೆ. ಆ ಬಳಿಕ, ವೋಲ್ಟೇಜನ್ನು ಮೆಲ್ಲಗೆ ಏರಿಸುವ ಸಾಧನದ ಮೂಲಕ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ ಹರಿಸಲಾಗುತ್ತದೆ.

ಇಲ್ಲಿ ಅಪಾಯವೂ ಕಡಿಮೆಯಿಲ್ಲ. ಪಿಕ್ಚರ್ ಟ್ಯೂಬ್‌ಗೆ ಹೋಗುವ ವೋಲ್ಟೇಜ್ ಸುಮಾರು 20,000. ಸ್ವಿಚ್ ಆರಿಸಿದ ಮೇಲೂ ಟ್ಯೂಬ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದುದು ಗತ್ತಿಗಲ್ಲ. ಎರಡೂ ಕೈ ತಾಗಿದರೆ ವಿದ್ಯುತ್ ಎದೆಯ ಮೂಲಕ ಹರಿಯುತ್ತದೆಂಬ ಭಯದಿಂದ. ನಿರ್ವಾತದ ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ. ವೋಲ್ಟೇಜ್ ಮಿತಿ ಮೀರಿದರೆ ಎಕ್ಸ್-ಕಿರಣಗಳೂ ಹೊಮ್ಮಬಹುದು. ಅಮೆರಿಕದಲ್ಲಿ 1967ರಲ್ಲಿ ಕೆಲವು ಕಲರ್ ಟಿವಿಗಳಿಂದ ಅಂತಹ ವಿಕಿರಣ ಹೊರಬರುತ್ತಿದ್ದುದು ಪತ್ತೆಯಾಗಿ, ಮರುವರ್ಷ ವಿಕಿರಣ ನಿಯಂತ್ರಣಕ್ಕೆ ಕಾನೂನೇ ಬಂದಿತು.

ಚಿತ್ರ ಮೂಡಿದ ನಂತರ ಇನ್ನೊಂದು ಪರೀಕ್ಷೆ ಶುರು. ಮೂರು ಗನ್‌ಗಳ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಮುಖದ ಅಂಚಿನಲ್ಲಿ ಕೆಂಪು, ನೀಲಿ ನೆರಳುಗಳು ಕಾಣುತ್ತವೆ. ಚುಕ್ಕೆಗಳ ಮತ್ತು ಚೌಕುಳಿ ಗೆರೆಗಳ ಮಾದರಿಯನ್ನು ಪರದೆಯ ಮೇಲೆ ತಂದು, ಹತ್ತಾರು ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅವನ್ನು ಕೂಡಿಸಬೇಕು. ಒಂದು ಮೂಲೆ ಸರಿಯಾಯಿತೆನ್ನುವಷ್ಟರಲ್ಲಿ ಇನ್ನೊಂದು ಮೂಲೆ ಕೆಡುತ್ತದೆ. ಭೂಮಿಯ ಕಾಂತಕ್ಷೇತ್ರವೂ ಕಿರಣಗಳನ್ನು ಎಳೆಯುವುದರಿಂದ, ಟಿವಿಯ ದಿಕ್ಕು ಬದಲಿಸಿದರೂ ಬಣ್ಣ ಕದಡುತ್ತದೆ.

ಕಣ್ಣಿನ ಪೊರೆ

ಎಲ್ಲರಿಗೂ ಸಿಟಿ-100 ಎಟುಕುವುದಿಲ್ಲ. ಹೆಚ್ಚಿನ ಹವ್ಯಾಸಿಗಳ ಬಳಿ ಇರುವುದು ನಂತರದ ವರ್ಷಗಳಲ್ಲಿ ಬಂದ 21 ಅಂಗುಲದ ದುಂಡು ಪರದೆಯ ಟಿವಿಗಳು. ಚೌಕಾಕಾರದ ಟ್ಯೂಬ್‌ಗಳು 1960ರ ದಶಕದ ನಡುವಿನಲ್ಲಿ ಬರುವವರೆಗೂ ಕಲರ್ ಟಿವಿ ಎಂದರೆ ಇದೇ ಆಕಾರ. ಇವುಗಳ ಟ್ಯೂಬ್ ಹೆಚ್ಚು ಗಟ್ಟಿ, ಬಿಡಿಭಾಗಗಳೂ ಸಿಗುತ್ತವೆ.

ಆದರೆ ಆ ಪೀಳಿಗೆಯ ಹಲವು ಟ್ಯೂಬ್‌ಗಳಿಗೆ ವಯಸ್ಸಾದಂತೆ ‘ಪೊರೆ’ ಬರುತ್ತದೆ. ಟ್ಯೂಬ್‌ನ ಮುಖಕ್ಕೆ ಅಂಟಿಸಿದ ರಕ್ಷಣಾ ಗಾಜಿನ ಹಿಂದಿರುವ ಪಾರದರ್ಶಕ ಅಂಟು ಅಂಚಿನಿಂದ ಕೊಳೆಯುತ್ತಾ ಬಿಳಿಚಿಕೊಳ್ಳುತ್ತದೆ. ಮನುಷ್ಯರ ಕಣ್ಣಿನ ಕಾಯಿಲೆಯ ಹೆಸರನ್ನೇ ಹವ್ಯಾಸಿಗಳು ಇದಕ್ಕೂ ಇಟ್ಟಿದ್ದಾರೆ. ಚಿಕಿತ್ಸೆಯೂ ಶಸ್ತ್ರಕ್ರಿಯೆಯಂತೆಯೇ ನಾಜೂಕು: ಅಂಟನ್ನು ಬಿಸಿ ಮಾಡಿ ಮೆದುಗೊಳಿಸಿ, ತೆಳುವಾದ ತಂತಿಯನ್ನು ಗಾಜುಗಳ ನಡುವೆ ತೂರಿಸಿ ನಿಧಾನವಾಗಿ ಬೇರ್ಪಡಿಸಬೇಕು. ಕಾವು ಏರುಪೇರಾದರೆ ಗಾಜು ಸೀಳುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಹೊರಗೆ ಹಳತು, ಒಳಗೆ ಹೊಸತು

ಎಷ್ಟು ಬದಲಿಸಿದರೆ ಹಳೆಯ ಟಿವಿ ಹಳೆಯದಾಗಿಯೇ ಉಳಿಯುತ್ತದೆ? ಈ ಪ್ರಶ್ನೆಗೆ ಹವ್ಯಾಸಿಗಳಲ್ಲಿ ಒಮ್ಮತವಿಲ್ಲ. ಕೆಲವರು ಕೆಟ್ಟ ಕೆಪಾಸಿಟರ್ ಕಿತ್ತು ಇಂದಿನ ಚಿಕ್ಕ ಕೆಪಾಸಿಟರ್ ಬೆಸೆದು ಮುಂದೆ ಸಾಗುತ್ತಾರೆ. ಇನ್ನು ಕೆಲವರು ಹಳೆಯ ಕೆಪಾಸಿಟರ್‌ನ ಒಡಲನ್ನು ಖಾಲಿ ಮಾಡಿ, ಹೊಸದನ್ನು ಅದರೊಳಗೇ ಅಡಗಿಸಿ, ಮೇಲೆ ಮೇಣ ತುಂಬಿಸುತ್ತಾರೆ. ಹಿಂಬದಿಯ ಮುಚ್ಚಳ ತೆಗೆದು ನೋಡಿದವರಿಗೆ 1954ರ ನೋಟವೇ ಕಾಣುತ್ತದೆ. ಮೂರನೆಯ ಗುಂಪಿನ ವಾದ ಬೇರೆ: ಏನನ್ನು ಬದಲಿಸಲಾಗಿದೆ ಎಂದು ಬರೆದಿಟ್ಟು, ಕಿತ್ತ ಭಾಗಗಳನ್ನು ಜೋಪಾನ ಮಾಡುವುದೇ ಪ್ರಾಮಾಣಿಕತೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ದುರಸ್ತಿಯಾದ ಟಿವಿಯನ್ನು ಹಾಕಬೇಕೇ, ಬೇಡವೇ? ಟ್ಯೂಬ್‌ನ ಗನ್‌ಗಳಿಗೆ ನಿಗದಿತ ಆಯಸ್ಸಿದೆ. ಹಾಕಿದ ಪ್ರತಿ ಗಂಟೆಯೂ ಆ ಆಯಸ್ಸಿನಿಂದ ಕಳೆಯುತ್ತದೆ. ಹಾಗೆಂದು ಹಾಕದೆ ಇಟ್ಟರೆ ಬದುಕುತ್ತದೆಂಬ ಭರವಸೆಯೂ ಇಲ್ಲ. ಗಾಳಿ ನುಸುಳುವುದು ನಿಲ್ಲುವುದಿಲ್ಲ. ಉಳಿಸಲೆಂದು ಮುಚ್ಚಿಟ್ಟ ಟ್ಯೂಬ್ ಯಾರೂ ನೋಡದೆಯೇ ಸತ್ತುಹೋಗಬಹುದು. ಈ ಇಕ್ಕಟ್ಟಿನಲ್ಲಿ ಹಲವರು ಹಿಡಿದಿರುವುದು ನಡುದಾರಿ: ವರ್ಷಕ್ಕೆ ಕೆಲವು ಬಾರಿ, ನೋಡಬಲ್ಲವರು ಸೇರಿದಾಗ ಮಾತ್ರ, ಮಿತವಾದ ಬೆಳಕಿನಲ್ಲಿ.

ಹಾಕಿದರೂ ತೋರಿಸಲು ಪ್ರಸಾರವೇ ಇಲ್ಲ. ಅಮೆರಿಕದ ಪ್ರಮುಖ ಕೇಂದ್ರಗಳ ಅನಲಾಗ್ ಪ್ರಸಾರ 2009ರ ಜೂನ್ 12ರಂದು ನಿಂತಿತು. ಈಗ ಮನೆಯಲ್ಲೇ ಪುಟ್ಟ ಮಾಡ್ಯುಲೇಟರ್ ಇಟ್ಟು, ಡಿವಿಡಿ ಅಥವಾ ಕಂಪ್ಯೂಟರ್‌ನ ಚಿತ್ರವನ್ನು ಹಳೆಯ ಚಾನೆಲ್ ಸಂಕೇತವಾಗಿ ಪರಿವರ್ತಿಸಿ ತೋರಿಸಬೇಕಾಗಿದೆ.

ನಮ್ಮ ಅಟ್ಟದ ಮೇಲಿನ ಪೆಟ್ಟಿಗೆ

ಭಾರತಕ್ಕೆ ಬಣ್ಣ ಬಂದದ್ದು ಸಿಟಿ-100 ಬಂದ 28 ವರ್ಷಗಳ ಬಳಿಕ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಗಿತ್ತು. ಮರುವರ್ಷ, 1982ರಲ್ಲಿ, ಸ್ವಾತಂತ್ರ್ಯೋತ್ಸವ ಮತ್ತು ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ವರ್ಣ ಪ್ರಸಾರ ಕಾಲಿಟ್ಟಿತು. ಅಷ್ಟರಲ್ಲಿ ತಂತ್ರಜ್ಞಾನ ಪಳಗಿತ್ತು. ವಾಲ್ವ್‌ಗಳ ಜಾಗದಲ್ಲಿ ಟ್ರಾನ್ಸಿಸ್ಟರ್ ಮತ್ತು ಐಸಿಗಳಿದ್ದವು. ಮೂರು ಗನ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಟ್ಯೂಬ್‌ಗಳು ಬಂದು ತಿರುಪುಗಳ ಕಾಟ ತಪ್ಪಿತ್ತು. ನಾವು ಆರಿಸಿಕೊಂಡ ‘ಪಾಲ್’ ಪದ್ಧತಿ ಬೇರೆಯಾದ್ದರಿಂದ ಅಮೆರಿಕದ ಹಳೆಯ ಟಿವಿ ಇಲ್ಲಿನ ಪ್ರಸಾರವನ್ನು ತೋರಿಸಲಾರದು.

ಆದರೂ ಈ ಕಥೆ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ಕಪ್ಪು-ಬಿಳುಪು ಟಿವಿಗಳ ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ‘ಪಿಕ್ಚರ್ ಟ್ಯೂಬ್ ಹೋಗಿದೆ’ ಎಂಬ ರಿಪೇರಿ ಅಂಗಡಿಯವನ ಒಂದು ಮಾತು ಎಷ್ಟೋ ಮನೆಗಳ ತಿಂಗಳ ಲೆಕ್ಕಾಚಾರವನ್ನೇ ಬುಡಮೇಲು ಮಾಡುತ್ತಿತ್ತು. ಇಂದು ಆ ಟಿವಿಗಳಲ್ಲಿ ಬಹುಪಾಲು ಗುಜರಿ ಸೇರಿವೆ. ದೂರದರ್ಶನದ ಅನಲಾಗ್ ಭೂಪ್ರಸಾರವೂ 2022ರ ವೇಳೆಗೆ ಬಹುತೇಕ ನಿಂತಿತು.

ಅಟ್ಟದ ಮೇಲೆ 1980ರ ದಶಕದ ಟಿವಿಯೊಂದು ಇನ್ನೂ ಕುಳಿತಿದ್ದರೆ, ಕುತೂಹಲಕ್ಕೆಂದು ಅದನ್ನು ಪ್ಲಗ್‌ಗೆ ಸಿಕ್ಕಿಸುವುದಾಗಲಿ, ಹಿಂಬದಿಯ ಮುಚ್ಚಳ ತೆಗೆದು ಕೈ ಹಾಕುವುದಾಗಲಿ ಸರಿಯಲ್ಲ. ಧೂಳು ಒರೆಸಿ, ಒಣ ಜಾಗದಲ್ಲಿಟ್ಟು, ಅದರ ರಸೀದಿ, ಕೈಪಿಡಿಗಳನ್ನು ಜೊತೆಗಿಟ್ಟು, ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸುವುದು ಲೇಸು. ಟ್ಯೂಬ್ ಟಿವಿಯ ಒಳಹೊರಗು ಬಲ್ಲ ಆ ಪೀಳಿಗೆಯೂ ಈಗ ವಿರಳವಾಗುತ್ತಿದೆ.

ಸಿಟಿ-100ರ ಅಂಕಿ-ಅಂಶಗಳನ್ನು ಕಾಗದದಲ್ಲಿ ದಾಖಲಿಸಬಹುದು. ಇಂದಿನ ಉತ್ತಮ ಪರದೆಗಳಲ್ಲಿ ಅದರ ಬಣ್ಣವನ್ನು ಅನುಕರಿಸಲೂಬಹುದು. ಆದರೆ ಅನುಕರಣೆ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಮೂಲವೊಂದು ಬೇಕಲ್ಲವೇ? ಕೊನೆಯ 15ಜಿಪಿ22ಗೆ ಗಾಳಿ ಸೇರಿದ ದಿನ ಆ ಹೋಲಿಕೆಯ ಬಾಗಿಲು ಮುಚ್ಚಲಿದೆ. ಆ ದಿನವನ್ನು ಒಂದಿಷ್ಟು ಮುಂದೂಡುವುದಕ್ಕಾಗಿಯೇ ಹವ್ಯಾಸಿಗಳು ರಾತ್ರಿಯೆಲ್ಲಾ ಬೆಸುಗೆ ಕಡ್ಡಿ ಹಿಡಿದು ಕೂರುತ್ತಿದ್ದಾರೆ.